ಮೊದಲ ನೂರು ಕೇಳುಗರು: ಬೆಂಗಳೂರಿನಲ್ಲಿ ಸ್ವಂತ ಹಾಡು ಮಾಡುವವರಿಗೆ ಹೆಜ್ಜೆ ಹೆಜ್ಜೆಯ ದಾರಿ

"ಅಣ್ಣಾ, ಮೂರು ಹಾಡು ಬಿಟ್ವಿ. ವಿಡಿಯೊಗೇ 60 ಸಾವಿರ ಆಯ್ತು. ನೋಡಿದವರು ಎಂಟುನೂರು ಜನ. ಈಗ ಏನು ಮಾಡೋದು?"

ಇಂಥ ಮೆಸೇಜ್ ನನಗೆ ತಿಂಗಳಿಗೆ ಒಂದೆರಡಾದರೂ ಬರುತ್ತವೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಹಾಡು ಬಿಡುವ ಮುಂಚೆ ಜನರ ಎದುರು ಎಷ್ಟು ಸಲ ಹಾಡಿದ್ರಿ? ಉತ್ತರವೂ ಹೆಚ್ಚುಕಮ್ಮಿ ಒಂದೇ. "ಇಲ್ಲಣ್ಣ, ಹಾಡು ಓಡಿದ ಮೇಲೆ ಶೋ ಮಾಡೋಣ ಅಂತ."

ಎಡವಿದ್ದು ಅಲ್ಲೇ. ಹಾಡು ಚೆನ್ನಾಗಿರಬಹುದು, ವಿಡಿಯೊ ಇನ್ನೂ ಚೆನ್ನಾಗಿರಬಹುದು. ಆದರೆ ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದಾರೆ. ಕೇಳುವವರು ಯಾರು ಅಂತಲೇ ಗೊತ್ತಿಲ್ಲದೆ ಹಾಡು ಬಿಡುವುದು, ವಿಳಾಸ ಬರೆಯದ ಕಾಗದ ಡಬ್ಬಕ್ಕೆ ಹಾಕಿದ ಹಾಗೆ.

ಕೆಳಗಿನ ಹೆಜ್ಜೆಗಳನ್ನು ಇದೇ ಸಾಲಿನಲ್ಲಿ ಮಾಡಿ. ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ದುಡ್ಡು ಜಾಸ್ತಿ ಬೇಡ, ಸಂಜೆಗಳು ಬೇಕು. ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುವವರಿಗೆ ಇದು ಹೊಂದುವುದಿಲ್ಲ, ಅವರ ಮಾರುಕಟ್ಟೆಯೇ ಬೇರೆ. ಸ್ವಂತ ಹಾಡು ಇದೆ, ಕೇಳುವವರು ಇಲ್ಲ ಅನ್ನುವವರಿಗೆ ಮಾತ್ರ.

ಶುರುವಿಗೆ ಮುನ್ನ ಕೈಯಲ್ಲಿ ಏನಿರಬೇಕು

ಮೂವತ್ತು ನಿಮಿಷದ ಸೆಟ್. ಆರು ಹಾಡು ಸಾಕು. ನಾಲ್ಕಾದರೂ ನಿಮ್ಮದೇ ಇರಲಿ, ಬ್ಯಾಂಡ್‌ನವರು ಓಸಿ (ಓನ್ ಕಾಂಪೋಸಿಷನ್) ಅನ್ನುತ್ತಾರಲ್ಲ, ಅದು. ಉಳಿದ ಎರಡು ಕವರ್, ಅಂದರೆ ಬೇರೆಯವರ ಹಾಡು, ಆದರೂ ಪರವಾಗಿಲ್ಲ. ನಡುವೆ ಟ್ಯೂನ್ ಮಾಡಲು, ನೀರು ಕುಡಿಯಲು, ಎರಡು ಮಾತಾಡಲು ಹೋಗುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮನೆಯಲ್ಲಿ ಗಡಿಯಾರ ಇಟ್ಟು ಎರಡು ಸಲ ಪೂರ್ತಿ ನುಡಿಸಿ ನೋಡಿ.

ಇಬ್ಬರೇ ನುಡಿಸಬಹುದಾದ ರೂಪ. ನಿಮ್ಮದು ಐದು ಜನರ ಬ್ಯಾಂಡ್ ಇರಬಹುದು. ಆದರೆ ಹೊಸಬರಿಗೆ ಸಿಗುವ ಜಾಗಗಳಲ್ಲಿ ಡ್ರಮ್ಸ್ ಇಡಲು ಎಡೆ ಇರುವುದಿಲ್ಲ. ಗಿಟಾರ್, ಹಾಡು, ಬೇಕಿದ್ದರೆ ಒಂದು ಕಹೋನ್ (ಮೇಲೆ ಕೂತು ಬಾರಿಸುವ ಮರದ ಪೆಟ್ಟಿಗೆ). ಈ ರೂಪದಲ್ಲಿ ಹಾಡು ನಿಲ್ಲದಿದ್ದರೆ ಹಾಡನ್ನೇ ಇನ್ನೊಮ್ಮೆ ನೋಡಬೇಕು.

ಒಂದು ಬ್ಯಾಗ್. ಎರಡು ಹೆಚ್ಚುವರಿ ಕೇಬಲ್, ಒಂದು ಡಿಐ ಬಾಕ್ಸ್ (ಗಿಟಾರನ್ನು ಸೌಂಡ್ ಮಿಕ್ಸರ್‌ಗೆ ಜೋಡಿಸುವ ಪುಟ್ಟ ಡಬ್ಬಿ), ತಂತಿ ಸೆಟ್, 9 ವೋಲ್ಟ್ ಬ್ಯಾಟರಿ, ಕೇಪೊ (ಶ್ರುತಿ ಏರಿಸಲು ಗಿಟಾರ್ ಕತ್ತಿಗೆ ಹಾಕುವ ಕ್ಲಿಪ್), ಗಟ್ಟಿ ಬಟ್ಟೆ ಟೇಪು, ಮಾರ್ಕರ್ ಪೆನ್ನು, ಚಿಕ್ಕ ಟಾರ್ಚು, ಒಂದು ಎಕ್ಸ್‌ಟೆನ್ಷನ್ ಬೋರ್ಡು. ಎಸ್‌.ಪಿ. ರೋಡಿನಲ್ಲಿ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ದುಡ್ಡು ಕೊಡುವ ಮುಂಚೆ ಜ್ಯಾಕ್ ಬುಡದಲ್ಲಿ ಬಗ್ಗಿಸಿ ನೋಡಿ. ಅಲ್ಲಿ ಸಡಿಲ ಇದ್ದರೆ ಮೂರನೇ ಶೋಗೆ ಕರಕರ ಶುರುವಾಗುತ್ತದೆ.

ತಪ್ಪಿಲ್ಲದೆ ಬರೆಯಬಹುದಾದ ಹೆಸರು. ಕನ್ನಡ ಹೆಸರಿಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ. "ತೇರು" ಅಂತ ಹೆಸರಿಟ್ಟಿರಿ ಅಂದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಟಿ ಹಾಕಿ ಹುಡುಕುತ್ತಾರೆ, ಇನ್ನೊಬ್ಬರು ಟಿಎಚ್ ಹಾಕುತ್ತಾರೆ, ಮತ್ತೊಬ್ಬರು ಕೊನೆಗೆ ಎರಡು ಓ ಸೇರಿಸುತ್ತಾರೆ. ಶೋ ಮುಗಿದು ಕ್ಯಾಬ್‌ನಲ್ಲಿ ಕೂತು ಹುಡುಕಿದವರಿಗೆ ನೀವು ಸಿಗಲ್ಲ. ಹೆಸರು ಗಟ್ಟಿ ಮಾಡುವ ಮುಂಚೆ ಹತ್ತು ಜನಕ್ಕೆ ಬಾಯಲ್ಲಿ ಹೇಳಿ, ಫೋನಿನಲ್ಲಿ ಟೈಪ್ ಮಾಡಲು ಹೇಳಿ. ಏಳು ಜನ ಒಂದೇ ಥರ ಬರೆದರೆ ಆ ಹೆಸರು ಇಟ್ಟುಕೊಳ್ಳಿ.

ಕೊನೆಯದು, ಇನ್ನೂರು ಪುಟದ ರೂಲ್ಡ್ ನೋಟ್‌ಬುಕ್. ಪೆನ್ನನ್ನು ದಾರದಿಂದ ಅದಕ್ಕೇ ಕಟ್ಟಿ, ಪೋಸ್ಟಾಫೀಸಿನಲ್ಲಿ ಕಟ್ಟಿರುತ್ತಾರಲ್ಲ, ಹಾಗೆ. ಇದರ ಕೆಲಸ ನಾಲ್ಕನೇ ಹೆಜ್ಜೆಯಲ್ಲಿ ಬರುತ್ತದೆ. ಈ ಬರಹದಲ್ಲಿ ಬೇರೆಲ್ಲ ಮರೆತರೂ ಅದೊಂದನ್ನು ಬಿಡಬೇಡಿ.

ಹೆಜ್ಜೆ 1: ಎರಡು ತಿಂಗಳು ಕೇಳುಗರಾಗಿ ಹೋಗಿ

ಗಿಟಾರ್ ಮನೆಯಲ್ಲಿಡಿ. ವಾರಕ್ಕೆ ಎರಡು ಶೋ ನೋಡಿ. ಮೊದಲು ಒಂದು ಏರಿಯಾ ಆರಿಸಿಕೊಳ್ಳಿ. ಬೆಂಗಳೂರು ಒಂದೇ ಊರು ಅಂದುಕೊಂಡರೆ ಕೆಟ್ಟಿರಿ. ಸಂಜೆ ಏಳಕ್ಕೆ ಇದು ಐದಾರು ಊರು. ಮಲ್ಲೇಶ್ವರದವರು ಗುರುವಾರ ವೈಟ್‌ಫೀಲ್ಡ್‌ಗೆ ಹಾಡು ಕೇಳಲು ಹೋಗಲ್ಲ. ವೈಟ್‌ಫೀಲ್ಡ್‌ನವರು ಬಸವನಗುಡಿಗೂ ಬರಲ್ಲ.

ಸ್ಥೂಲವಾಗಿ ಹೀಗಿದೆ. ಇಂದಿರಾನಗರ, ಕೋರಮಂಗಲದಲ್ಲಿ ಪಬ್‌ಗಳು, ಕೆಫೆಗಳು, ಟಿಕೆಟ್ ಕೊಂಡು ಬರುವ ಜನ. ಕೋರಮಂಗಲದ ಫ್ಯಾಂಡಮ್ ಥರದ ಜಾಗದಲ್ಲಿ ಪೂರ್ತಿ ಬ್ಯಾಂಡ್ ಸೆಟಪ್ ನೋಡಬಹುದು. ಪುಸ್ತಕದಂಗಡಿಯ ಜೊತೆಗೇ ಕಾರ್ಯಕ್ರಮದ ಜಾಗ ಇರುವ ಅಟ್ಟ ಗಲಾಟದಲ್ಲಿ ಜನ ಸುಮ್ಮನೆ ಕೂತು ಕೇಳುತ್ತಾರೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಬಹಳಷ್ಟು ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ನಾಟಕ ನೋಡಿ ಬೆಳೆದ ಕನ್ನಡದ ಜನ ಜಾಸ್ತಿ: ರಂಗಶಂಕರ, ಸುಚಿತ್ರಾ, ಹನುಮಂತನಗರದ ಕೆ.ಎಚ್. ಕಲಾಸೌಧ, ಜೆ.ಪಿ. ನಗರ 7ನೇ ಹಂತದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂ ಎಲ್ಲ ಆ ಕಡೆಯೇ. ವೈಟ್‌ಫೀಲ್ಡ್‌ನಲ್ಲಿ ಹೆಸರು ಮಾಡಿದವರು ನುಡಿಸುವ ವಿಂಡ್‌ಮಿಲ್ಸ್ ಇದೆ, ಆದರೆ ಅದು ಮೊದಲ ಮೆಟ್ಟಿಲಲ್ಲ.

ಆರಿಸುವುದು ಹೇಗೆ? ಬಸ್ಸೋ ಮೆಟ್ರೊವೋ ಸ್ಕೂಟರೋ, ವಾರಕ್ಕೆ ಮೂರು ಸಲ ಬೇಸರವಿಲ್ಲದೆ ಹೋಗಿ ಬರುವಂಥ ಏರಿಯಾ ಇರಲಿ. ಪ್ರತಿಷ್ಠೆ ನೋಡಿ ಆರಿಸಬೇಡಿ.

ಹೋದಾಗ ನೋಡಬೇಕಾದ್ದು ಹಾಡುವವರನ್ನಲ್ಲ. ಜನ ನಿಜಕ್ಕೂ ಎಷ್ಟು ಹೊತ್ತಿಗೆ ಬರುತ್ತಾರೆ, ಯಾವಾಗ ಏಳುತ್ತಾರೆ, ಬುಧವಾರ ಎಷ್ಟು, ಶುಕ್ರವಾರ ಎಷ್ಟು, ಬಾರ್ ಹತ್ತಿರ ಕೂತವರು ಕೇಳುತ್ತಾರಾ, ಹರಟೆ ಹೊಡೆಯುತ್ತಾರಾ. ಸ್ಲಾಟ್, ಅಂದರೆ ಹಾಡಲು ದಿನ, ಸಮಯ ಕೊಡುವವರು ಯಾರು. ಸೌಂಡ್ ನೋಡಿಕೊಳ್ಳುವವರು ಯಾರು.

ಸೌಂಡ್‌ನವರ ವಿಷಯ ಸ್ವಲ್ಪ ಹೇಳಬೇಕು. ಮಿಕ್ಸರ್ ಹಿಂದೆ ಕಪ್ಪು ಟೀಶರ್ಟ್ ಹಾಕಿ ನಿಂತಿರುವ ಆ ಮನುಷ್ಯನ ಹತ್ತಿರ ಶೋ ಮುಗಿದ ಮೇಲೆ ಹೋಗಿ "ಸೌಂಡ್ ಚೆನ್ನಾಗಿತ್ತು ಸರ್, ಮಾತು ಸ್ಪಷ್ಟ ಕೇಳ್ತಿತ್ತು" ಅನ್ನಿ. ಯಾರೂ ಹೇಳಲ್ಲ. ಅವರು ವಾರದಲ್ಲಿ ನಾಲ್ಕು ಜಾಗಕ್ಕೆ ಹೋಗುತ್ತಾರೆ. ಎಲ್ಲಿ ಯಾವ ಬ್ಯಾಂಡ್ ಕೈಕೊಟ್ಟಿದೆ, ಎಲ್ಲಿ ಓಪನಿಂಗ್‌ಗೆ, ಅಂದರೆ ಮುಖ್ಯ ಬ್ಯಾಂಡ್‌ಗೆ ಮುಂಚೆ ಹಾಡಲು, ಜನ ಬೇಕಾಗಿದೆ, ಮೊದಲು ಗೊತ್ತಾಗುವುದು ಅವರಿಗೇ. ನನ್ನ ಮೊದಲ ಎರಡು ಸ್ಲಾಟ್ ಸಿಕ್ಕಿದ್ದು ಅಂಥ ಒಬ್ಬರ ಬಾಯಿಂದ.

ಈ ಹೆಜ್ಜೆಯಲ್ಲಿ ಆಗುವ ತಪ್ಪು ಒಂದೇ. ಮೊದಲ ದಿನವೇ "ನಮ್ಮದೂ ಬ್ಯಾಂಡ್ ಇದೆ" ಅಂತ ಶುರು ಮಾಡುವುದು. ಐದನೇ ಸಲ ಮುಖ ಕಂಡಾಗ ಅವರೇ ಕೇಳುತ್ತಾರೆ, "ನೀವೂ ನುಡಿಸ್ತೀರಾ?"

ಹೆಜ್ಜೆ 2: ಓಪನ್ ಮೈಕ್‌ನಲ್ಲಿ ಹಾಡನ್ನು ತೂಗಿ ನೋಡಿ

ಓಪನ್ ಮೈಕ್ ಅಂದರೆ ಹೆಸರು ಕೊಟ್ಟು ಯಾರು ಬೇಕಾದರೂ ಒಂದೆರಡು ಹಾಡು ಹಾಡುವ ವೇದಿಕೆ. ಅಲ್ಲಿ ಅಭಿಮಾನಿಗಳು ಹುಟ್ಟುವುದಿಲ್ಲ. ಕೂತವರಲ್ಲಿ ಅರ್ಧ ಜನ ತಮ್ಮ ಸರದಿಗೆ ಕಾಯುತ್ತಿರುವ ಹಾಡುಗಾರರೇ. ಅದು ತಕ್ಕಡಿ ಅಷ್ಟೇ. ಯಾವ ಹಾಡು ತೂಗುತ್ತದೆ ಅಂತ ನೋಡಲು ಹೋಗಿ.

ಹೇಗೆ ಅಂತ ಹೇಳುತ್ತೇನೆ. ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿ. ನಿಮ್ಮನ್ನು ವಿಡಿಯೊ ಮಾಡುವುದು ಬೇಡ. ಅವನು ಪಕ್ಕದಲ್ಲಿ ಕೂತು ಜನರನ್ನು ನೋಡಲಿ. ಎಷ್ಟು ಜನ ಫೋನ್ ಕೆಳಗಿಟ್ಟರು, ಯಾವ ಸಾಲಿಗೆ ತಲೆ ಎತ್ತಿದರು, ಎಲ್ಲಿ ಮತ್ತೆ ಫೋನ್ ತೆಗೆದರು. ಮೂರು ಕಡೆ ಇದೇ ಹಾಡು ಹಾಡಿ, ಮೂರು ಕಡೆಯೂ ಬರೆದಿಡಿ. ನಮ್ಮ ಅತಿ ಪ್ರೀತಿಯ ಹಾಡಿನ ಎರಡನೇ ಚರಣಕ್ಕೆ ಮೂರೂ ಕಡೆ ಜನ ಫೋನ್ ತೆಗೆದಿದ್ದರು. ಬೇಸರ ಆಯಿತು. ಚರಣ ಕತ್ತರಿಸಿದೆವು. ಆಮೇಲೆ ಆ ಹಾಡಿಗೇ ಚಪ್ಪಾಳೆ ಜಾಸ್ತಿ.

ಆಗಸ್ಟ್ 15ರ ಆಸುಪಾಸಿನಲ್ಲಿ ನಡೆಯುವ, 1996ರಲ್ಲಿ ಶುರುವಾದ ಫ್ರೀಡಂ ಜಾಮ್ ಥರದ ಉಚಿತ ವೇದಿಕೆಗಳ ಮೇಲೂ ಕಣ್ಣಿಡಿ. ಅಲ್ಲಿ ನುಡಿಸಲು ಸಿಗದಿದ್ದರೂ ಒಂದೇ ದಿನ ಹತ್ತಾರು ಬ್ಯಾಂಡ್‌ನವರ ಪರಿಚಯ ಆಗುತ್ತದೆ.

ಕನ್ನಡದಲ್ಲಿ ಹಾಡುವವರಿಗೆ ಒಂದು ಮಾತು. ಇಂದಿರಾನಗರದಲ್ಲಿ ಅರ್ಧ ಜನಕ್ಕೆ ಕನ್ನಡ ಬರುವುದಿಲ್ಲ ಅಂತ ಹೆದರಿ ಹಿಂದಿ ಕವರ್ ಸೇರಿಸಬೇಡಿ. ಹಾಡಿನ ತಿರುಳನ್ನು ಒಂದೇ ಸಾಲಿನಲ್ಲಿ ಹೇಳಿ, ಪಲ್ಲವಿಯ ಒಂದು ಪದ ಹೇಳಿಕೊಡಿ, ಶುರು ಮಾಡಿ. ಹಾಡುಗಾರ ರಘು ದೀಕ್ಷಿತ್, ಸ್ವರಾತ್ಮ ಬ್ಯಾಂಡ್‌ನವರು ಕನ್ನಡ ಬಾರದವರ ಮುಂದೆ ಕನ್ನಡ ಹಾಡಿಯೇ ಹೆಸರು ಮಾಡಿದವರು. ಪೂರ್ತಿ ಅರ್ಥ ವಿವರಿಸಲು ಹೋದರೆ ಮಾತ್ರ ಜನ ಎದ್ದು ಹೋಗುತ್ತಾರೆ. ಅದು ಶೋ ಆಗಲ್ಲ, ಟ್ಯೂಷನ್ ಆಗುತ್ತದೆ.

ಮತ್ತೆ, ನಿಮ್ಮ ಎರಡು ಹಾಡು ಮುಗಿದ ತಕ್ಷಣ ಗಿಟಾರ್ ಚೀಲಕ್ಕೆ ತುರುಕಿ ಹೊರಡಬೇಡಿ. ಕೊನೆಯವರ ತನಕ ಕೂತು ಕೇಳಿ. ಹಾಡಿ ಎದ್ದು ಹೋಗುವವರನ್ನು ಎಲ್ಲರೂ ಗುರುತಿಟ್ಟುಕೊಳ್ಳುತ್ತಾರೆ.

ಹೆಜ್ಜೆ 3: ಮೊದಲ ಸ್ಲಾಟ್ ಕೇಳುವುದು

ಮಂಗಳವಾರ, ಬುಧವಾರ ಮಧ್ಯಾಹ್ನ ಮೆಸೇಜ್ ಕಳಿಸಿ. ಶುಕ್ರವಾರ ಸಂಜೆ ಕಳಿಸಿದ್ದನ್ನು ಯಾರೂ ಓದಲ್ಲ, ಆಗ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹದಿನೈದು ಫೈಲ್ ಇರುವ ಡ್ರೈವ್ ಫೋಲ್ಡರ್ ಬೇಡ. ಫೋನಿನಲ್ಲೇ ತೆಗೆದ ಒಂದೂವರೆ ನಿಮಿಷದ ಲೈವ್ ವಿಡಿಯೊ ಸಾಕು, ಎಡಿಟ್ ಮಾಡದ್ದು. ಸ್ಟುಡಿಯೊ ರೆಕಾರ್ಡಿಂಗ್ ಕೇಳಿ ಯಾರೂ ಸ್ಲಾಟ್ ಕೊಡಲ್ಲ. ನೀವು ನಿಂತು ಹಾಡಬಲ್ಲಿರಾ ಅಂತ ಅವರಿಗೆ ಕಾಣಬೇಕು.

ನಾವು ಕಳಿಸಿದ್ದು ಹೀಗಿತ್ತು:

"ನಮಸ್ಕಾರ. ನಾವು ಇಬ್ಬರು, ಗಿಟಾರ್ ಮತ್ತು ಹಾಡು. ಸ್ವಂತ ಕನ್ನಡ ಹಾಡುಗಳು. ಹೋದ ತಿಂಗಳು ನಿಮ್ಮ ಓಪನ್ ಮೈಕ್‌ನಲ್ಲಿ ಎರಡು ಹಾಡಿದ್ವಿ. 30 ನಿಮಿಷದ ಸೆಟ್ ಇದೆ. ಎರಡು ಮೈಕ್, ಒಂದು ಡಿಐ ಸಾಕು, ಡಿಐ ನಾವೇ ತರ್ತೀವಿ. 12 ಅಥವಾ 19ನೇ ತಾರೀಕು ಬುಧವಾರ ಖಾಲಿ ಇದ್ದರೆ ತಿಳಿಸಿ. ಹದಿನೈದು ಜನ ನಮ್ಮ ಕಡೆಯಿಂದ ಬರ್ತಾರೆ."

ಹದಿನೈದು ಅಂದರೆ ಹದಿನೈದೇ. ಐವತ್ತು ಅಂತ ಹೇಳಿ ಹನ್ನೆರಡು ತಂದರೆ ಆ ಬಾಗಿಲು ಮುಚ್ಚಿತು. ಉತ್ತರ ಬರದಿದ್ದರೆ ಏಳು ದಿನ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೆ ಬಿಟ್ಟುಬಿಡಿ.

ಒಪ್ಪಿದರೆ ನಾಲ್ಕು ಪ್ರಶ್ನೆ ಕೇಳಿ, ಉತ್ತರ ವಾಟ್ಸಾಪ್‌ನಲ್ಲಿ ಬರಹದಲ್ಲೇ ಇರಲಿ. ದುಡ್ಡು ಹೇಗೆ: ಟಿಕೆಟ್ ಹಂಚಿಕೆಯಾ, ಗೊತ್ತುಮಾಡಿದ ಮೊತ್ತವಾ? ಬಾಗಿಲಲ್ಲಿ ಎಣಿಸುವವರು ಯಾರು? ಯಾವತ್ತು ಕೊಡುತ್ತೀರಿ? ಲೈವ್ ಮ್ಯೂಸಿಕ್‌ಗೆ ಲೈಸೆನ್ಸ್ ಇದೆಯಾ?

ಕೊನೆಯ ಪ್ರಶ್ನೆ ಕೇಳಲು ಎಲ್ಲರೂ ಮುಜುಗರಪಡುತ್ತಾರೆ. ಬೆಂಗಳೂರಿನಲ್ಲಿ ಕೇಳಲೇಬೇಕು. ಸಾರ್ವಜನಿಕ ಮನರಂಜನೆ ನಡೆಸುವ ಜಾಗಗಳಿಗೆ ಪೊಲೀಸ್ ಪರವಾನಗಿ ಬೇಕು ಅನ್ನುವ 2005ರ ಆದೇಶ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಎಷ್ಟೋ ಪಬ್‌ಗಳಲ್ಲಿ ಹಾಡು ಕೆಲಕಾಲ ನಿಂತೇ ಹೋಗಿತ್ತು. ಇದರ ಜೊತೆಗೆ 2000ದ ಶಬ್ದ ಮಾಲಿನ್ಯ ನಿಯಮ: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಮುಚ್ಚಿದ ಸಭಾಂಗಣದಂಥ ಜಾಗ ಬಿಟ್ಟರೆ, ಧ್ವನಿವರ್ಧಕ ಹಾಕುವಂತಿಲ್ಲ. ರೂಫ್‌ಟಾಪ್ ಜಾಗದಲ್ಲಿ ನಿಮಗೆ 9.45ರ ಸ್ಲಾಟ್ ಕೊಟ್ಟರೆ ಏನರ್ಥ? ಮೂರನೇ ಹಾಡಿಗೆ ಮೈಕ್ ಆಫ್ ಅಂತ ಅರ್ಥ. ನೀವು ಕರೆತಂದ ಹದಿನೈದು ಜನ ಅರ್ಧ ಹಾಡು ಕೇಳಿ ಮನೆಗೆ ಹೋಗುತ್ತಾರೆ.

ಎಚ್ಚರಿಕೆಯ ಗಂಟೆ: "ಮೊದಲು ಇಪ್ಪತ್ತು ಟಿಕೆಟ್ ದುಡ್ಡು ನೀವು ಕಟ್ಟಿ, ಮಾರಿಕೊಂಡು ವಾಪಸ್ ತಗೊಳ್ಳಿ" ಅಂತ ಯಾರಾದರೂ ಅಂದರೆ ನಮಸ್ಕಾರ ಹೇಳಿ ಬನ್ನಿ. ಅವರ ಗಿರಾಕಿ ಜನ ಅಲ್ಲ, ನೀವು. "ಈ ಸಲ ಎಕ್ಸ್‌ಪೋಷರ್", ಅಂದರೆ ದುಡ್ಡಿಲ್ಲ, ಜನಕ್ಕೆ ಪರಿಚಯ ಆಗುತ್ತೀರಿ ಅಷ್ಟೇ, ಅನ್ನುವುದನ್ನು ಒಂದು ಜಾಗದಲ್ಲಿ ಒಂದು ಸಲ ಒಪ್ಪಬಹುದು. ಎರಡನೇ ಸಲಕ್ಕೆ ಆಟೊ ದುಡ್ಡಾದರೂ ಕೇಳಿ.

ಹೆಜ್ಜೆ 4: ಶೋ ದಿನ, ಮತ್ತು ಆ ನೋಟ್‌ಬುಕ್

ಪೋಸ್ಟರ್ ಹಾಕಿ ಕೂತರೆ ಜನ ಬರಲ್ಲ. ಒಬ್ಬೊಬ್ಬರಿಗೂ ಹೆಸರು ಹಿಡಿದು ಮೆಸೇಜ್ ಮಾಡಿ, ಹತ್ತಿರದವರಿಗೆ ಫೋನ್ ಮಾಡಿ. "ಪಕ್ಕಾ ಬರ್ತೀನಿ ಮಗಾ" ಅಂದವರನ್ನು ಅರ್ಧಕ್ಕೆ ಇಳಿಸಿ. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ಆದರೆ ಸಂಜೆ ಮಳೆಗೆ ಇನ್ನೊಂದಿಷ್ಟು ಕಳೆಯಿರಿ. ಮೆಸೇಜ್‌ನಲ್ಲಿ ಮ್ಯಾಪ್ ಪಿನ್, ಹತ್ತಿರದ ಮೆಟ್ರೊ ನಿಲ್ದಾಣ, ಅಲ್ಲಿಂದ ಎಷ್ಟು ನಿಮಿಷ ನಡಿಗೆ, ಗಾಡಿ ನಿಲ್ಲಿಸಲು ಜಾಗ ಇದೆಯಾ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಇಷ್ಟೂ ಇರಲಿ. ಮುಗಿಯುವ ಸಮಯ ಬರೆದರೆ ಬರುವವರು ಹೆಚ್ಚುತ್ತಾರೆ. ನಾಳೆ ಆಫೀಸ್ ಇದೆ ಅಲ್ವಾ.

ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ಮೊದಲೇ ಸೌಂಡ್ ಚೆಕ್‌ಗೆ ಹೋಗಿ. ಇನ್‌ಪುಟ್ ಲಿಸ್ಟ್ ಒಂದು ಹಾಳೆಯಲ್ಲಿ ಬರೆದು ಕೊಡಿ: ಒಂದನೇ ಚಾನೆಲ್ ಹಾಡು, ಎರಡು ಗಿಟಾರ್ ಡಿಐ, ಮೂರು ಕಹೋನ್ ಮೈಕ್. "ಸ್ವಲ್ಪ ಜಾಸ್ತಿ ಮಾಡಿ ಸರ್" ಅಂತ ಸುಮ್ನೆ ಅನ್ನಬೇಡಿ. ಯಾವುದು, ಎಲ್ಲಿ ಅಂತ ಹೇಳಿ: "ಮಾನಿಟರ್‌ನಲ್ಲಿ ನನ್ನ ಹಾಡು ಸ್ವಲ್ಪ ಜಾಸ್ತಿ, ಗಿಟಾರ್ ಕಮ್ಮಿ." ಮಾನಿಟರ್ ಅಂದರೆ ನಿಮ್ಮ ಕಡೆ ಮುಖ ಮಾಡಿ ಇಟ್ಟ ಸ್ಪೀಕರ್. ಮಾನಿಟರ್ ಏರಿಸುತ್ತಾ ಹೋದರೆ ಮೈಕ್ ಕೂಗುತ್ತದೆ. ಆಗ ಮೈಕ್ ಹತ್ತಿರಕ್ಕೆ ಬಂದು ಹಾಡಿ.

ನಮ್ಮ ಮೊದಲ ಶೋ ಜಯನಗರ ಕಡೆಯ ಒಂದು ಕೆಫೆಯಲ್ಲಿ. ಬಂದವರು ಹದಿನಾಲ್ಕು, ಅದರಲ್ಲಿ ಎಂಟು ಜನ ನೆಂಟರು. ನಿಧಾನದ ಹಾಡು ಶುರು ಮಾಡಿದೆ. ಸರಿಯಾಗಿ ಪಲ್ಲವಿಗೆ ಒಳಗಡೆ ಜ್ಯೂಸ್ ಮಿಕ್ಸಿ ಗರ್ರ್ ಅಂತು. ನಿಂತಿತು. ಚರಣಕ್ಕೆ ಮತ್ತೆ ಗರ್ರ್. ನಮ್ಮ ಅತ್ತೆ ಎದ್ದು ಹೋಗಿ ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟರು. ಅವತ್ತಿನಿಂದ ಒಂದು ಪಾಠ: ಸೌಂಡ್ ಚೆಕ್ ಹೊತ್ತಿಗೇ ಕೌಂಟರ್‌ನವರ ಹತ್ತಿರ ಹೋಗಿ, ನಾಲ್ಕನೇ ಹಾಡು ನಿಧಾನದ್ದು, ಆ ನಾಲ್ಕು ನಿಮಿಷ ಮಿಕ್ಸಿ ಬೇಡ ಅಂತ ಕೇಳಿಕೊಳ್ಳಿ. ಬಹುತೇಕ ಒಪ್ಪುತ್ತಾರೆ.

ಈಗ ನೋಟ್‌ಬುಕ್. ಮೂರನೇ ಹಾಡು ಮುಗಿದ ಮೇಲೆ, ಕೊನೆಗಲ್ಲ, ಹೇಳಿ: "ಒಂದು ನೋಟ್‌ಬುಕ್ ಬರ್ತಾ ಇದೆ. ಮುಂದಿನ ಶೋ ಇದ್ದಾಗ ತಿಳಿಸಲಿ ಅನ್ನಿಸಿದರೆ ಮಾತ್ರ ಹೆಸರು, ನಂಬರ್ ಬರೀರಿ." ಕೊನೆಯಲ್ಲಿ ಹೇಳಿದರೆ ಆಗಲೇ ಕಾಲು ಭಾಗ ಜನ ಕ್ಯಾಬ್ ಹಿಡಿದಿರುತ್ತಾರೆ. ಗೆಳೆಯರೊಬ್ಬರು ಮೇಜಿಂದ ಮೇಜಿಗೆ ದಾಟಿಸಲಿ. ಮೊದಲ ಎರಡು ಸಾಲು ಪರಿಚಯದವರಿಂದ ಮೊದಲೇ ಬರೆಸಿಟ್ಟಿರಿ. ಖಾಲಿ ಪುಟದಲ್ಲಿ ಮೊದಲ ಹೆಸರು ಬರೆಯಲು ಎಲ್ಲರಿಗೂ ಸಂಕೋಚ.

ನಾಲ್ಕು ಕಾಲಂ ಎಳೆಯಿರಿ: ಹೆಸರು, ವಾಟ್ಸಾಪ್ ನಂಬರ್, ಏರಿಯಾ, ಯಾವ ಹಾಡು ಹಿಡಿಸಿತು. ಕ್ಯೂಆರ್ ಕೋಡ್ ಇಟ್ಟರೆ ಸಾಲದಾ ಅಂತ ಕೇಳುತ್ತಾರೆ. ನಾವು ಎರಡನ್ನೂ ಇಟ್ಟು ನೋಡಿದೆವು. ಸ್ಕ್ಯಾನ್ ಮಾಡುತ್ತಾರೆ, ಫಾರ್ಮ್ ತೆರೆಯುತ್ತದೆ, ಅಷ್ಟರಲ್ಲಿ ಬೇರೆ ಮೆಸೇಜ್ ಬರುತ್ತದೆ, ಅಲ್ಲಿಗೆ ಮುಗಿಯಿತು. ನೋಟ್‌ಬುಕ್ ಮಡಿಲಲ್ಲಿ ಬಂದು ಕೂತರೆ ಬರೆದೇ ದಾಟಿಸುತ್ತಾರೆ. ಕ್ಯೂಆರ್ ಯುಪಿಐಗೆ ಇರಲಿ.

ಹೆಜ್ಜೆ 5: ಮರುದಿನ ಬೆಳಗ್ಗೆ

ನೂರಕ್ಕೆ ತೊಂಬತ್ತು ಜನ ಬಿಟ್ಟುಬಿಡುವುದು ಇದನ್ನೇ ಅಂತ ನನ್ನ ಅಂದಾಜು. ರಾತ್ರಿ ಸುಸ್ತು, ಬೆಳಗ್ಗೆ ಆಫೀಸು, ನೋಟ್‌ಬುಕ್ ಗಿಟಾರ್ ಚೀಲದಲ್ಲೇ ಉಳಿಯಿತು. ಮೂರು ವಾರದ ನಂತರ "ಹಾಯ್, ನಮ್ಮ ಶೋ ಇದೆ" ಅಂದರೆ ಅವರಿಗೆ ನೀವು ಯಾರು ಅಂತಲೇ ನೆನಪಿರಲ್ಲ.

ಹನ್ನೊಂದು ಗಂಟೆಯೊಳಗೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಮೆಸೇಜ್ ಮಾಡಿ. ಗ್ರೂಪಿಗೆ ಸೇರಿಸಬೇಡಿ. ಕೇಳದೆ ಗ್ರೂಪಿಗೆ ಸೇರಿಸಿದರೆ ಒಬ್ಬರು ಹೊರಗೆ ಹೋದ ತಕ್ಷಣ ಹತ್ತು ಜನ ಹಿಂದೆಯೇ ಹೋಗುತ್ತಾರೆ. ಮೆಸೇಜ್ ಹೀಗಿರಲಿ:

"ಸುಮಾ ಅವರೇ, ನಿನ್ನೆ ಬಂದಿದ್ದಕ್ಕೆ ಖುಷಿ ಆಯ್ತು. ನಿಮಗೆ ಹಿಡಿಸಿದ ಮಳೆ ಹಾಡಿನ ನಿನ್ನೆಯ ರೆಕಾರ್ಡಿಂಗ್ ಕಳಿಸಿದ್ದೀನಿ, ಇನ್ನೂ ಎಲ್ಲೂ ಬಿಟ್ಟಿಲ್ಲ. ಈ ನಂಬರ್ ಸೇವ್ ಮಾಡ್ಕೊಳ್ಳಿ, ಮುಂದಿನ ಶೋಗೆ ತಿಳಿಸ್ತೀವಿ."

ಸೇವ್ ಮಾಡಿಕೊಳ್ಳಿ ಅನ್ನುವುದಕ್ಕೆ ಕಾರಣ ಇದೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಕಳಿಸಿದ ಮೆಸೇಜ್, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಒಂದು ಲಿಸ್ಟ್‌ಗೆ 256 ಜನರ ಮಿತಿ. ಏರಿಯಾಕ್ಕೊಂದು ಲಿಸ್ಟ್ ಮಾಡಿಕೊಳ್ಳಿ. ಎರಡೇ ಸಂದರ್ಭಕ್ಕೆ ಬಳಸಿ: ಶೋ ಇದ್ದಾಗ, ಹೊಸ ಹಾಡು ಬಂದಾಗ. ಯುಗಾದಿ ಶುಭಾಶಯ ಎಲ್ಲ ಬೇಡ.

ಅದೇ ದಿನ ಜಾಗದವರಿಗೆ, ಸೌಂಡ್‌ನವರಿಗೆ ಒಂದೊಂದು ಸಾಲು ಥ್ಯಾಂಕ್ಸ್. ದುಡ್ಡು ಬರಬೇಕಿದ್ದರೆ ಅದರಲ್ಲೇ ಮೃದುವಾಗಿ ನೆನಪಿಸಿ. ನಮಗೆ ಒಂದು ಕಡೆ ಟಿಕೆಟ್ ದುಡ್ಡು ಬರಲು ನಾಲ್ಕು ತಿಂಗಳಾಯಿತು. ತಪ್ಪು ನಮ್ಮದೂ ಇತ್ತು, ಯಾವತ್ತು ಕೊಡುತ್ತೀರಿ ಅಂತ ಬರಹದಲ್ಲಿ ಕೇಳಿರಲಿಲ್ಲ.

ಹೆಜ್ಜೆ 6: ಅದೇ ಜಾಗಕ್ಕೆ ಮತ್ತೆ, ಆರು ವಾರ ಬಿಟ್ಟು

ಒಂದು ಶೋ ಚೆನ್ನಾಗಿ ಆಯಿತು ಅಂತ ಮುಂದಿನ ವಾರವೇ ಇನ್ನೊಂದು ಒಪ್ಪಿಕೊಳ್ಳುತ್ತಾರೆ. ಗೆಳೆಯರು ಎರಡನೆಯದಕ್ಕೂ ಬರುತ್ತಾರೆ. ಮೂರನೆಯದಕ್ಕೆ ಜ್ವರ, ತಲೆನೋವು, ಊರಿಂದ ಅಪ್ಪ ಬಂದಿದ್ದಾರೆ. ಒಂದೇ ಏರಿಯಾದಲ್ಲಿ ಆರು ವಾರಕ್ಕೊಂದು ಶೋ ಸಾಕು. ಪ್ರತಿ ಸಲ ಒಂದು ಹೊಸ ಹಾಡು ಇರಲಿ.

ಜನ ಹೆಚ್ಚಾಗುವುದು ಇನ್ನೊಂದು ಬ್ಯಾಂಡ್ ಜೊತೆ ಸೇರಿದಾಗ. ನಿಮ್ಮದಕ್ಕಿಂತ ಬೇರೆ ಥರದ ಸಂಗೀತ ಮಾಡುವ, ಹೆಚ್ಚುಕಮ್ಮಿ ನಿಮ್ಮಷ್ಟೇ ಜನ ತರುವ ಒಂದು ಬ್ಯಾಂಡ್ ಹುಡುಕಿ. ತಲಾ ನಲವತ್ತು ನಿಮಿಷ. ಜಾಸ್ತಿ ಜನ ತರುವವರು ಎರಡನೆಯದಾಗಿ ನುಡಿಸಲಿ. ಮೊದಲು ನುಡಿಸಿದವರು ಕೊನೆಯ ತನಕ ಇರಲೇಬೇಕು, ಇದನ್ನು ಮುಂಚೆಯೇ ಮಾತಾಡಿಕೊಳ್ಳಿ. ಮುಂದಿನ ಸಲ ಅವರ ಏರಿಯಾದಲ್ಲಿ ಅದೇ ಜೋಡಿ, ಸಾಲು ಉಲ್ಟಾ. ನೋಟ್‌ಬುಕ್ ಮಾತ್ರ ಬೇರೆ ಬೇರೆ.

ಐದು ಬ್ಯಾಂಡ್ ಒಟ್ಟಿಗೆ ಹಾಕುವ ಶೋ ಒಪ್ಪಬೇಡಿ. ಸೆಟಪ್ ಬದಲಾಯಿಸುವುದರಲ್ಲೇ ರಾತ್ರಿ ಕಳೆಯುತ್ತದೆ, ಜನ ತಮ್ಮವರದು ಮುಗಿದ ತಕ್ಷಣ ಎದ್ದು ಹೋಗುತ್ತಾರೆ.

ಹೆಜ್ಜೆ 7: ಪಬ್‌ನಿಂದ ಆಚೆ

ನವೆಂಬರ್ ಪೂರ್ತಿ ಬೆಂಗಳೂರಿನಲ್ಲಿ ರಾಜ್ಯೋತ್ಸವ. ಅಪಾರ್ಟ್‌ಮೆಂಟ್‌ಗಳು, ಕಂಪನಿಗಳ ಕನ್ನಡ ಸಂಘಗಳು, ಬಡಾವಣೆ ಸಂಘಗಳು ಹಾಡುವವರನ್ನು ಹುಡುಕುತ್ತಿರುತ್ತವೆ. ಅಕ್ಟೋಬರ್ ಕೊನೆಗೆ ಕೇಳಿದರೆ ಎಲ್ಲ ನಿಗದಿಯಾಗಿರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಮಾತಾಡಿ. ಗಣೇಶನ ಪೆಂಡಾಲ್‌ಗಳಿಗೂ ಅಷ್ಟೇ, ಒಂದು ತಿಂಗಳು ಮೊದಲು.

ಇಲ್ಲಿ ಸಿನಿಮಾ ಹಾಡು, ಭಾವಗೀತೆ ಕೇಳುತ್ತಾರೆ. ಬೇಜಾರು ಬೇಡ. ಎರಡು ಕವರ್ ಆದ ಮೇಲೆ ಒಂದು ನಿಮ್ಮದು, ಮತ್ತೆ ಎರಡು, ಮತ್ತೆ ಒಂದು ನಿಮ್ಮದು. ಬೇರೆಯವರ ಹಾಡನ್ನು ಸಾರ್ವಜನಿಕವಾಗಿ ಹಾಡಿಸುವುದಕ್ಕೆ ಐಪಿಆರ್‌ಎಸ್ (ಹಾಡು ಬರೆದವರ, ರಾಗ ಹಾಕಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಲೈಸೆನ್ಸ್ ಬೇಕಾಗುತ್ತದೆ. ಸಾಮಾನ್ಯವಾಗಿ ಅದನ್ನು ತೆಗೆದುಕೊಳ್ಳುವುದು ಆಯೋಜಕರು, ಆದರೂ ಒಮ್ಮೆ ಕೇಳಿಬಿಡಿ. ಕಂಪನಿಗಳು ಟಿಡಿಎಸ್ ಹಿಡಿದು ದುಡ್ಡು ಕೊಡುತ್ತವೆ, ಪ್ಯಾನ್ ಮತ್ತು ಒಂದು ಸರಳ ಬಿಲ್ ಸಿದ್ಧ ಇಟ್ಟುಕೊಳ್ಳಿ.

ಮನೆ ಟೆರೇಸ್‌ನಲ್ಲಿ ಮೂವತ್ತು ಜನಕ್ಕೆ, ಮೈಕ್ ಇಲ್ಲದೆ, ಚಾಪೆ ಹಾಸಿ ಮಾಡುವ ಬೈಠಕ್ ನನಗೆ ಎಲ್ಲಕ್ಕಿಂತ ಇಷ್ಟ. ಕೆಳಗಿನ ಮನೆಯವರನ್ನೂ ಕರೆಯಿರಿ, ದೂರು ಬರಲ್ಲ.

ಹೆಜ್ಜೆ 8: ಈಗ ಹಾಡು ಬಿಡಿ

ನೋಟ್‌ಬುಕ್‌ನಲ್ಲಿ 150 ಹೆಸರು, ಅದರಲ್ಲಿ ಎರಡನೇ ಸಲ ಬಂದವರು 40 ಜನ. ಅಲ್ಲಿಯ ತನಕ ಕಾಯಿರಿ. ನಾಲ್ಕನೇ ಕಾಲಂ ನೋಡಿದರೆ ಯಾವ ಹಾಡು ಮೊದಲು ಬಿಡಬೇಕು ಅಂತ ಜನರೇ ಬರೆದುಕೊಟ್ಟಿರುತ್ತಾರೆ. ನಿಮ್ಮ ಇಷ್ಟ ಬೇರೆ ಇದ್ದರೆ ಅದು ಎರಡನೆಯದಾಗಲಿ.

ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಥರದ ವಿತರಕರ ಮೂಲಕ ನಾಲ್ಕು ವಾರ ಮೊದಲೇ ಹಾಡು ಏರಿಸಿ. ಐಎಸ್‌ಆರ್‌ಸಿ ಕೋಡ್, ಅಂದರೆ ಪ್ರತಿ ರೆಕಾರ್ಡಿಂಗ್‌ನ ಗುರುತಿನ ಸಂಖ್ಯೆ, ಅವರೇ ಕೊಡುತ್ತಾರೆ. ಭಾಷೆ ಅನ್ನುವಲ್ಲಿ ಕನ್ನಡ ಅಂತ ಹಾಕಲು ಮರೆಯಬೇಡಿ. ಹಾಡುವವರಿಗಾಗಿಯೇ ಇರುವ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಹಾಡನ್ನು ಪಿಚ್ ಮಾಡಬೇಕು, ಅಂದರೆ ಪ್ಲೇಲಿಸ್ಟ್‌ಗೆ ಸೇರಿಸಲು ಕೇಳಬೇಕು. ಹಾಗೆ ಮಾಡಿದರೆ ನಿಮ್ಮನ್ನು ಫಾಲೋ ಮಾಡುವವರ ರಿಲೀಸ್ ರಾಡಾರ್ ಅನ್ನುವ ಹೊಸ ಹಾಡುಗಳ ಪಟ್ಟಿಯಲ್ಲಿ ಆ ಹಾಡು ಬರುತ್ತದೆ. ಬರೆದವರು, ನುಡಿಸಿದವರು, ಮಿಕ್ಸ್ ಮಾಡಿದವರ ಹೆಸರು ಮೊದಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರಿಂದ ಒಪ್ಪಿಗೆ ಪಡೆಯಿರಿ. ಬ್ಯಾಂಡ್ ಒಡೆಯುವುದು ಸಾಮಾನ್ಯವಾಗಿ ಈ ಹಾಳೆ ಇಲ್ಲದ್ದಕ್ಕೇ.

ಬಿಡುಗಡೆ ದಿನ ಆ 150 ಜನಕ್ಕೆ ಒಂದೇ ಕೆಲಸ ಕೇಳಿ: ಹಾಡು ಸೇವ್ ಮಾಡಿ. ಲೈಕು, ಶೇರು, ಕಮೆಂಟು, ಸಬ್‌ಸ್ಕ್ರೈಬು ಎಲ್ಲ ಒಟ್ಟಿಗೆ ಕೇಳಿದರೆ ಯಾವುದನ್ನೂ ಮಾಡಲ್ಲ.

ದಾರಿ ತಪ್ಪಿದೆ ಅಂತ ತಿಳಿಯುವುದು ಹೇಗೆ

ಸತತ ಮೂರು ಶೋಗಳಲ್ಲಿ ಒಬ್ಬ ಅಪರಿಚಿತರೂ ನೋಟ್‌ಬುಕ್‌ನಲ್ಲಿ ಬರೆಯಲಿಲ್ಲ ಅಂದರೆ ನಿಲ್ಲಿಸಿ ಯೋಚಿಸಿ. ಮೊದಲು ಸೆಟ್ ಬದಲಾಯಿಸಬೇಡಿ, ಅದೇ ಸೆಟ್ ಬೇರೆ ಜಾಗದಲ್ಲಿ ನುಡಿಸಿ ನೋಡಿ. ಅಲ್ಲಿಯೂ ಹಾಗೇ ಆದರೆ ತೊಂದರೆ ಹಾಡಿನದು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ.

ರೀಲ್ಸ್ ಲಕ್ಷ ದಾಟಿದೆ, ಶೋಗೆ ಇಪ್ಪತ್ತು ಜನ. ನೋಡಿದವರು ಬೇರೆ ಊರಿನವರಿರಬಹುದು. ಇನ್‌ಸ್ಟಾಗ್ರಾಂ ಇನ್‌ಸೈಟ್ಸ್‌ನಲ್ಲಿ ಊರಿನ ಪಟ್ಟಿ ಇದೆ, ಬೆಂಗಳೂರು ಎಷ್ಟನೆಯದು ಅಂತ ನೋಡಿ.

ಜಾಗದವರು ಪ್ರತಿ ಸಲ "ಕೆಲವು ಕವರ್ ಹಾಕಿ" ಅನ್ನುತ್ತಿದ್ದರೆ ಅವರಿಗೆ ಬೇಕಾದ್ದು ಊಟದ ಜೊತೆ ಹಿನ್ನೆಲೆ ಸಂಗೀತ. ಅದು ತಪ್ಪಲ್ಲ, ಆದರೆ ನಿಮ್ಮ ಜನ ಅಲ್ಲಿ ಸಿಗಲ್ಲ.

ದೊಡ್ಡ ಹಾಲ್‌ಗೆ ಯಾವಾಗ ಹೋಗಬೇಕು

ಎರಡು ಸಲ ಜಾಗ ಸಾಲದೆ ಜನ ವಾಪಸ್ ಹೋದ ಮೇಲೆ, ಅದಕ್ಕೆ ಮುಂಚೆ ಬೇಡ. 60 ಜನರ ಕೋಣೆಯಲ್ಲಿ 70 ಜನ ಇದ್ದರೆ ಹಬ್ಬ. 250 ಸೀಟಿನ ಹಾಲ್‌ನಲ್ಲಿ ಅದೇ 70 ಜನ ಇದ್ದರೆ ಸಾವಿನ ಮನೆ. ಬಾಡಿಗೆ, ಸೌಂಡ್, ಲೈಟ್ ಒಟ್ಟು ಎಷ್ಟು ಅಂತ ಬರೆದು, ಅರ್ಧ ಸೀಟು ತುಂಬಿದರೆ ಆ ಖರ್ಚು ಹುಟ್ಟುತ್ತದೆಯೇ ನೋಡಿ. ಹುಟ್ಟದಿದ್ದರೆ ಚಿಕ್ಕ ಹಾಲ್ ಹುಡುಕಿ.

ಹಾಲ್ ಎಲ್ಲಿ ಅನ್ನುವುದನ್ನು ನೀವು ನಿರ್ಧರಿಸಬೇಡಿ, ಮೂರನೇ ಕಾಲಂ ನಿರ್ಧರಿಸಲಿ. ನಾವು ಒಂದು ವರ್ಷ ಇಂದಿರಾನಗರದಲ್ಲಿ ನುಡಿಸಿ, ಅಲ್ಲೇ ದೊಡ್ಡ ಶೋ ಮಾಡಲು ಹೊರಟಿದ್ದೆವು. ಒಂದು ಭಾನುವಾರ ಕೂತು ಏರಿಯಾ ಎಣಿಸಿದರೆ ಅತಿ ಹೆಚ್ಚು ಹೆಸರು ವಿಜಯನಗರ, ರಾಜಾಜಿನಗರ ಕಡೆಯವು. ಪಾಪ, ಅಷ್ಟು ದೂರದಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು ಬರುತ್ತಿದ್ದರು. ಶೋ ಬಸವೇಶ್ವರನಗರದ ಒಂದು ಚಿಕ್ಕ ಹಾಲ್‌ಗೆ ಬದಲಾಯಿಸಿದೆವು, ಏಳೂವರೆ ಬದಲು ಆರೂವರೆಗೆ ಇಟ್ಟೆವು. ಅವತ್ತು ಬಂದವರು ಮಕ್ಕಳನ್ನೂ ಅಮ್ಮಂದಿರನ್ನೂ ಕರೆತಂದಿದ್ದರು. ನೋಟ್‌ಬುಕ್ ಎರಡನೇ ಸಾಲಿನ ಕುರ್ಚಿ ದಾಟುವಷ್ಟರಲ್ಲಿ ಪೆನ್ನಿನ ಇಂಕು ಮುಗಿಯಿತು. ಈಗ ದಾರಕ್ಕೆ ಎರಡು ಪೆನ್ನು ಕಟ್ಟುತ್ತೇವೆ.